ಶ್ರಾವಣದ ಮನೆಯಲ್ಲಿ ಒಣಮೀನಿನ ವಾಸನೆ

ಹನಗೋಡಿನಿಂದ ಬೆಟ್ಟದಪುರದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಸುಕನ್ಯಳಿಗೆ ಶ್ರಾವಣವೆಂದರೆ ಸೊಂಟ ಮುರಿಯುವ ತಿಂಗಳು. ಹೊಲದಿಂದ ಬಂದ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸೌದೆ ಬೆಂಕಿಯಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಏರಿಸಬೇಕು. ತಿಂಗಳಿಡೀ ಬಾಡು, ಮೀನು ಮುಟ್ಟದ ಮನೆಯನ್ನು ತೊಳೆದು ತೊಳೆದು ಇಡಬೇಕು.

ಈ ಸಲ ಆ ತೊಳೆದ ಮನೆಯಲ್ಲೇ ಒಣಮೀನಿನ ವಾಸನೆ ಎದ್ದಿತು.

“ಯಾರ್ ಏನ್ ಬೇಯ್ಸ್ಕಂಡ್ರೂ ನಂಗೇನು. ನನ್ ಮನೇಲಿ ಶ್ರಾವಣ ಕಣವ್ವ,” ಎಂದರು ಅತ್ತೆ ಚೆಲುವಮ್ಮ, ಗೋಡೆ ನೋಡಿಕೊಂಡು.

“ಮೀನ್ ತರಕ್ಕೆ ಪುರ್ಸೊತ್ ಎಲ್ಲದೆ ಅತ್ತೆ ನಂಗೆ?”

“ನೀನು ಹೊಳೆದಂಡೆ ಊರೋಳು. ನಾಲ್ಗೆ ಕೇಳ್ಬೇಕಲ್ಲ.”

ಸುಕನ್ಯ ಪಾತ್ರೆ ಉಜ್ಜಿದಳು, ಚಾಪೆ ಒಗೆದಳು. ಬ್ಯಾರನ್ನಿಂದ ಉಣ್ಣಲು ಬಂದ ಗಂಡ ನಿಂಗರಾಜು ಮೂಗು ಮುಚ್ಚಿಕೊಂಡು, “ಸರ್ಯಾಗ್ ಒರ್ಸಮ್ಮಿ,” ಎಂದ. ಮತ್ತೆ ಒರೆಸಲು ಮಂಡಿಯೂರಿದಾಗಲೇ ಗೊತ್ತಾದದ್ದು: ನಾಯಿ ಜಿಮ್ಮಿ ಹಿಂಭಾಗ ಊರಿ ತೆವಳಿಕೊಂಡು ಹೋಗುತ್ತಿದ್ದ ಜಾಗದಲ್ಲೆಲ್ಲ ಆ ವಾಸನೆ.

ಜಿಮ್ಮಿ ತೆವಳುವುದನ್ನೂ, ಬಾಲದಡಿ ನೆಕ್ಕಿಕೊಳ್ಳುವುದನ್ನೂ ಎಲ್ಲರೂ ನೋಡಿದ್ದರು. ಜಂತುಹುಳ ಎಂದು ನಿಂಗರಾಜು ಮುದ್ದೆಯಲ್ಲಿ ಮಾತ್ರೆ ಇಟ್ಟು ನುಂಗಿಸಿದ್ದ. ತೆವಳುವುದು ನಿಲ್ಲಲಿಲ್ಲ. ಈಗ ಗುದದ ಒಂದು ಪಕ್ಕ ಕೆಂಪಗೆ ಊದಿ, ಅದಕ್ಕೆ ಕೂರಲೂ ಆಗುತ್ತಿರಲಿಲ್ಲ.

ಚೆಲುವಮ್ಮ ಹೊಗೆಸೊಪ್ಪು ನೆನೆಸಿದ ನೀರು ತಂದರು. “ಉಯ್ಯಿ. ದನದ ಹುಣ್ಣೆಲ್ಲ ಇದ್ರಲ್ಲೇ ಹೋಗಿರೋದು.”

“ಅದು ನೆಕ್ಕತದೆ ಅತ್ತೆ. ಇಸ ಆಯ್ತದೆ.” ಸುಕನ್ಯ ಚೊಂಬನ್ನು ಬಚ್ಚಲಿಗೆ ಬಗ್ಗಿಸಿದಳು. ಆಮೇಲೆ ಬಚ್ಚಲನ್ನೂ ತೊಳೆದಳು.

“ಬ್ಯಾರನ್ ಸೊಪ್ಪು ಇಳೀಲಿ, ಆಮೇಲ್ ಡಾಕ್ಟ್ರಿಗ್ ತೋರ್ಸಮ,” ಎಂದ ನಿಂಗರಾಜು.

ಸಂಜೆ ಜಿಮ್ಮಿ ಗಂಜಿಯನ್ನೂ ಮೂಸಲಿಲ್ಲ. ಇದು ಬ್ಯಾರನ್ ಇಳಿಯುವ ತನಕ ಉಳಿಯುವುದಿಲ್ಲ ಅನ್ನಿಸಿತು ಅವಳಿಗೆ. ಬೆಳಿಗ್ಗೆ ಊರಿನ ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ ಅದನ್ನು ಮಲಗಿಸಿದಳು.

“ಸೊಪ್ಪು ಯಾರಮ್ಮಿ ಕಟ್ಟೋರು?” ಎಂದ ನಿಂಗರಾಜು.

“ನಿಮ್ಗೂ ಕೈ ಅವೆ ಕಣ್ರೀ,” ಎಂದು ಹತ್ತಿ ಕೂತಳು.

ಪಿರಿಯಾಪಟ್ಟಣದ ಪಶು ಆಸ್ಪತ್ರೆಯ ಡಾಕ್ಟರಮ್ಮ ಬಾಲ ಎತ್ತಿ ನೋಡಿದರು. “ಗುದದ ಆಚೆ ಈಚೆ ಎರಡು ಸಣ್ಣ ಚೀಲ ಇರ್ತವೆ. ಮಲ ಹೋಗುವಾಗ ತಾವಾಗೇ ಖಾಲಿ ಆಗ್ಬೇಕು. ಕಟ್ಕೊಂಡ್ರೆ ಹೀಗೆ ತೆವಳ್ತವೆ, ನೆಕ್ಕೊಳ್ತವೆ. ಮಾತ್ರೆ ಕೊಟ್ಟೂ ಅದು ನಿಲ್ಲದಾಗಲೇ ಕರ್ಕೊಂಡು ಬರಬೇಕಿತ್ತು. ಈಗ ಒಂದ್ರಲ್ಲಿ ಕೀವಾಗಿದೆ. ಊದಿದ್ರೆ, ರಕ್ತ ಬಂದ್ರೆ, ಊಟ ಬಿಟ್ರೆ ಒಂದು ದಿನವೂ ಕಾಯಬಾರದು. ಮನೇಲಿ ಹಿಂಡೋಕೂ ಹೋಗಬಾರದು.”

ಸೂಜಿ ಚುಚ್ಚಿ ಮಂಪರು ಬರಿಸಿ ಕೀವು ತೆಗೆದರು. ಇನ್ನೊಂದು ಪಕ್ಕದ ಚೀಲವನ್ನು ಹತ್ತಿಯಲ್ಲಿ ಒತ್ತಿದಾಗ ಕೋಣೆಯೆಲ್ಲ ಒಣಮೀನು.

“ವಾಸನೆ ತಡೆಯಕ್ಕಾಗಲ್ಲ, ಆಚೆ ನಿಂತ್ಕೊಳ್ಳಿ.”

“ಇರ್ಲಿ ಮೇಡಂ. ಇಷ್ಟ್ ದಿನ ಈ ವಾಸ್ನೆ ತಪ್ಪು ನನ್ ತಲೆ ಮೇಲಿತ್ತು.”

ಮನೆಗೆ ಬಂದು, ವಾಸನೆ ಜಿಮ್ಮಿಯದೆಂದು ಹೇಳಿದಳು. ಚೆಲುವಮ್ಮ ಕೇಳಿಸಿಕೊಂಡು, “ಅಂಗಾ,” ಅಂದರು. “ಸಾರಿಗೆ ಏನ್ ಆಕ್ತೀಯೆ?” ಎಂದು ಕೇಳಿದರು. ಅಷ್ಟೇ. ಅಂಗಳದಲ್ಲಿ ಸೊಪ್ಪು ಅರ್ಧ ಕಟ್ಟಿ ಬಿದ್ದಿತ್ತು, ಕಟ್ಟಿದ್ದೂ ಸಡಿಲ.

ಹೊತ್ತು ಮುಳುಗುವಾಗ ಅವಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು. ಬೆಳಿಗ್ಗೆ, ಸಂಜೆ ಊತದ ಮೇಲೆ ಹಿಡಿಯಬೇಕೆಂದು ಡಾಕ್ಟರಮ್ಮ ಹೇಳಿದ್ದರು. ನಿಂಗರಾಜು ಎದುರಿಗೆ ನಿಂತು ನೋಡುತ್ತಿದ್ದ.

“ಇಡ್ಕಳಿ,” ಎಂದು ಬಟ್ಟೆ ಚಾಚಿದಳು.

“ನಾನಾ? ಬ್ಯಾರನ್ ಬೆಂಕಿ...”

“ಈಗ್ತಾನೆ ಸೌದೆ ಆಕ್ ಬಂದ್ರಲ್ಲ. ಮೆತ್ತಗೆ ಇಡ್ಕಳಿ.”

ಅವನು ಮುಖ ತಿರುಗಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಬಟ್ಟೆ ಹಿಡಿದ. ಜಿಮ್ಮಿ ಒಮ್ಮೆ ನಡುಗಿ ಸುಮ್ಮನಾಯಿತು. ಸುಕನ್ಯ ಜಗಲಿ ಕಂಬಕ್ಕೆ ಒರಗಿ ಕಾಲು ಚಾಚಿದಳು.

“ಸಾಕಾ?”

“ಬಟ್ಟೆ ತಣ್ಣಗಾಯ್ತಾ?”

“ಇಲ್ಲ.”

“ಅಂಗಾರೆ ಇಡ್ಕಂಡಿರಿ,” ಎಂದು ಅವಳು ಕಣ್ಣು ಮುಚ್ಚಿದಳು.