ಗೋಲಗುಮ್ಮಟ ಎಂಬ ಹಡಗು

ಕಳೆದ ವಾರ ಠಾಣೆ ಸ್ಟೇಷನ್ನಿನ ಹೊರಗೆ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿದ್ದವನು ಕಾದ ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಎಳೆಯಂಥ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಸ್ಟೇಷನ್ನಿನಾಚೆ ಕೋಪರಿಯ ಆ ಮೇಲುಮಹಡಿ ಕಣ್ಣಮುಂದೆ ಬಂತು. ಸಮುದ್ರದ ಹಿನ್ನೀರು ತುಂಬುವ ಖಾಡಿಯಿಂದ ಕಿಟಕಿಯೊಳಗೆ ಬರುತ್ತಿದ್ದ ಕೆಸರು ನಾತ, ಉದ್ದನೆಯ ಬೆಂಚು, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡ ರೇಡಿಯೋ ಸೆಟ್ಟು... ಅದರ ಹಿಂದೆ ಮಾಸ್ತರರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಡೊಂಬಿವಲಿಯಿಂದ ಲೋಕಲ್ ಹಿಡಿದು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅದೊಂದು ಖಾಸಗಿ ಕ್ಲಾಸು. ಹಡಗಿನ ಕೆಲಸಕ್ಕೆ ಸೇರುವ ಹುಡುಗರಿಗೆ, ಸಮುದ್ರದಲ್ಲಿ ಅಪಾಯ ಬಂದರೆ ರೇಡಿಯೋದಲ್ಲಿ ಸಹಾಯಕ್ಕೆ ಹೇಗೆ ಕರೆಯಬೇಕೆಂದು ಕಲಿಸಿ ಪರೀಕ್ಷೆಗೆ ಕೂರಿಸುವುದು ಅಲ್ಲಿಯ ಕಸುಬು. ನನ್ನನ್ನು ತೆಗೆದುಕೊಂಡದ್ದು ಟೈಪಿಸ್ಟ್ ಎಂದು. ಸೇರಿದ ವಾರದಲ್ಲೇ ಮಾಸ್ತರರು ನನ್ನ ಮೇಜಿನ ಬಳಿ ಬಂದು, "ತಂಗಿ, ನಿನ್ನ ದನಿ ಸ್ವಚ್ಛ ಐತಿ. ಇವತ್ತಿನಿಂದ ನೀನ ದಂಡಿ" ಎಂದರು. ದಂಡಿ ಎಂದರೆ ದಡ. ಪಕ್ಕದ ಕೋಣೆಯಲ್ಲಿ ಇನ್ನೊಂದು ಸೆಟ್ಟು ಇಟ್ಟು, ಎರಡರ ನಡುವೆ ತಂತಿ ಎಳೆದಿದ್ದರು. ಹುಡುಗರು ಆ ಕಡೆ ಮುಳುಗುವ ಹಡಗಿನಿಂದ ಕೂಗಬೇಕು, ನಾನು ಈ ಕಡೆ ದಡದ ರೇಡಿಯೋ ಠಾಣೆಯಾಗಿ ಕೇಳಿಸಿಕೊಂಡು, ಅವರು ಹೇಳಿದ್ದನ್ನು ತಿರುಗಿ ಓದಿ, ಸಿಕ್ಕಿತು ಎನ್ನಬೇಕು.

ಮಾಸ್ತರರು ವಿಜಾಪುರದ ಕಡೆಯವರು. ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರಾಗಿ ದುಡಿದು, ಒಂದು ಕಿವಿ ಮಂದವಾದ ಮೇಲೆ ನೆಲಕ್ಕೆ ಬಂದವರು. ತರಬೇತಿಯ ಸುಳ್ಳು ಹಡಗಿಗೆ ಅವರಿಟ್ಟ ಹೆಸರು ಗೋಲಗುಮ್ಮಟ. ಹುಡುಗರು ಬಿಡುತ್ತಿರಲಿಲ್ಲ. ಮಾಸ್ತರ್, ಕಲ್ಲಿನ ಹಡಗು ಮುಳುಗದೆ ಇನ್ನೇನು ತೇಲುತ್ತದೆಯೇ ಎಂದು ಕಾಲೆಳೆಯುತ್ತಿದ್ದರು. ಅಲ್ಲಿ ಒಂದ್ಸಲ ಕೂಗಿದ್ದು ಏಳು ಸಲ ತಿರುಗಿ ಬರ್ತೈತಿ, ನಿಮ್ಮ ಬಾಯಾಗೂ ಹಂಗ ಬರಬೇಕು ಎಂದು ಅವರ ಉತ್ತರ.

ಬರುವಂತೆ ಮಾಡುತ್ತಲೂ ಇದ್ದರು. ಹುಡುಗ ಮೈಕು ಹಿಡಿದ ಕೂಡಲೇ ದೀಪ ಆರಿಸುವರು. ಹಿಂದಿನಿಂದ ಚೊಂಬಿನ ನೀರು ಎರಚುವರು. ಕಬ್ಬಿಣದ ಬಕೆಟ್ಟನ್ನು ನೆಲಕ್ಕೆ ಕುಕ್ಕುವರು. ಆದರೂ ಅವನು ತಡವರಿಸದೆ ಮೇಡೇ ಎಂದು ಮೂರು ಸಲ ಕೂಗಿ, ಹಡಗಿನ ಹೆಸರು, ಎಲ್ಲಿದೆ, ಏನಾಗಿದೆ, ಎಷ್ಟು ಜನ ಎಂದು ಅದೇ ಕ್ರಮದಲ್ಲಿ ಹೇಳಿ ಮುಗಿಸಬೇಕು. ಹೆದರಿಕೆ ಹೊಕ್ಕಾಗ ತಲೆಯಲ್ಲಿ ಏನೂ ನಿಲ್ಲುವುದಿಲ್ಲ, ನಾಲಿಗೆಯ ಮೇಲಿದ್ದದ್ದು ಮಾತ್ರ ಉಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಅದಕ್ಕೇ ಗೋಲಗುಮ್ಮಟ ಮುಳುಗುವ ಜಾಗವನ್ನೂ ಅವರು ಎಂದೂ ಬದಲಿಸಲಿಲ್ಲ. ಹದಿನೆಂಟು ಡಿಗ್ರಿ ನಲವತ್ತು ಮಿನಿಟು ಉತ್ತರ, ಎಪ್ಪತ್ತೊಂದು ಡಿಗ್ರಿ ಹತ್ತು ಮಿನಿಟು ಪೂರ್ವ. ಮುಂಬೈಗೆ ಪಶ್ಚಿಮದಲ್ಲಿ, ಏನೂ ಇಲ್ಲದ ಬರೀ ನೀರು. ದಿನವೂ ಅಲ್ಲೇ ಮುಳುಗುತ್ತಿತ್ತು, ದಿನವೂ ನಾನು ಅದನ್ನೇ ತಿರುಗಿ ಓದುತ್ತಿದ್ದೆ.

ಈ ಪದ್ಧತಿ ನನಗೆ ಒಪ್ಪಿಗೆಯಾಗಿತ್ತು. ನಮ್ಮ ಮನೆಯಲ್ಲಿ ಅಪ್ಪ ನಮ್ಮನ್ನು ಬೆಳೆಸಿದ್ದು ಹಾಗೆಯೇ. ಎದ್ದು ಹಾಸಿಗೆ ಮಡಿಸುವುದರಿಂದ ಚಪ್ಪಲಿ ಜೋಡಿಸುವವರೆಗೆ ಎಲ್ಲಕ್ಕೂ ಒಂದೇ ಕ್ರಮ. ಕೈ ಮಾಡುವ ಕೆಲಸಕ್ಕೆ ತಲೆ ಯಾಕೆ ಬೇಕು ಎನ್ನುತ್ತಿದ್ದರು. ಕ್ಲಾಸಿನ ಹುಡುಗರು ಫೇಲಾಗುತ್ತಲೂ ಇರಲಿಲ್ಲ. ಕ್ಲಾಸಿನ ಮಾಲೀಕರಾದ ಸೇಠ್ ಖುಷಿಯಾಗಿದ್ದರು.

ಆ ಹುಡುಗರಲ್ಲಿ ಕಲ್ಯಾಣದವನೊಬ್ಬನಿದ್ದ. ಮನೆಯವರು ಮೂಲತಃ ರಾಯಚೂರು ಕಡೆಯವರು. ಅಪ್ಪ ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ. ಹುಡುಗ ನಮ್ಮೊಡನೆ ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದ. ಮೊದಮೊದಲು ಮೈಕು ಹಿಡಿದರೆ ಬೆವರುತ್ತಿದ್ದವನು, ಬರಬರುತ್ತಾ ನೀರು ಎರಚಿದರೆ ಕಣ್ಣನ್ನೂ ಮಿಟುಕಿಸದಂತಾದ. ಅವನು ಕರೆದರೆ ನನಗೆ ಒಂದಕ್ಷರವನ್ನೂ ಮತ್ತೆ ಕೇಳಿ ಬರೆದುಕೊಳ್ಳುವ ಕಷ್ಟ ಇರಲಿಲ್ಲ. ಪಾಸಾದ ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ದಂಡಿ ಬಾಯಿ, ನಾ ಖರೇನ ಕರದ್ರ ನೀವ ಎತ್ತಬೇಕ್ ನೋಡ್ರಿ" ಎಂದು ನಕ್ಕು ಪೇಢೆ ಕೊಟ್ಟು ಹೋದ. ಕರಾವಳಿಯುದ್ದಕ್ಕೂ ಸಾಮಾನು ಸಾಗಿಸುವ ಒಂದು ಹಳೆಯ ಸಣ್ಣ ಹಡಗಿನಲ್ಲಿ ಅವನಿಗೆ ಕೆಲಸ ಸಿಕ್ಕಿತು.

ಅವನು ಖರೇನೇ ಕರೆದ. ಮಳೆಗಾಲದ ಕೊನೆಯಲ್ಲಿ, ಗುಜರಾತಿನ ವೆರಾವಲ್ ಕಡೆಯ ಸಮುದ್ರದಲ್ಲಿ ಅವನ ಹಡಗಿಗೆ ನೀರು ನುಗ್ಗಿತು. ಹಡಗು ಹೋಯಿತು ಎಂಬ ಸುದ್ದಿ ನಮಗೆ ಮೊದಲೇ ಬಂದಿತ್ತು. ಆದರೆ ಹೇಗೆ ಎಂಬುದು ತಿಳಿದದ್ದು ಮಾಸ್ತರರ ಹಳೆಯ ಪರಿಚಯದವರೊಬ್ಬರು ಆಫೀಸಿಗೆ ಬಂದಾಗ. ಅವರು ದಡದ ರೇಡಿಯೋ ಠಾಣೆಯೊಂದರಲ್ಲಿ ಕೆಲಸಕ್ಕಿದ್ದರು. ಕರೆಯನ್ನು ಕೇಳಿಸಿಕೊಂಡವರು ಅವರೇ. ಚಹಾ ಕುಡಿಯುತ್ತಾ ಹೇಳಿದರು. ಅಷ್ಟು ಚೊಕ್ಕವಾದ ಮೇಡೇ ತಾವು ಕೇಳಿಯೇ ಇಲ್ಲವಂತೆ. ಹಡಗಿನ ಹೆಸರು ಸರಿ, ಜನರ ಲೆಕ್ಕ ಸರಿ. ಮತ್ತೆ ಕೂಗಿ ಕೇಳಿದರೆ ಉತ್ತರವಿಲ್ಲ, ಬ್ಯಾಟರಿಗೆ ನೀರು ಹೊಕ್ಕಿರಬೇಕು. ಹತ್ತಿರದಲ್ಲಿದ್ದ ಹಡಗುಗಳೆಲ್ಲ ಅವನು ಹೇಳಿದ ಜಾಗಕ್ಕೆ ತಿರುಗಿದವು. ಅಲ್ಲಿ ಏನೂ ಇರಲಿಲ್ಲ. ಎರಡು ದಿನದ ಮೇಲೆ, ಎಷ್ಟೋ ಉತ್ತರಕ್ಕೆ, ಒಂದು ಮೀನುಗಾರರ ದೋಣಿಗೆ ಹಲಗೆ ಹಿಡಿದುಕೊಂಡಿದ್ದ ಇಬ್ಬರು ಖಲಾಸಿಗಳು ಸಿಕ್ಕರು. ಉಳಿದವರು ಸಿಗಲೇ ಇಲ್ಲ. ಹುಡುಗನೂ ಸಿಗಲಿಲ್ಲ. ಗಾಬರಿಯಲ್ಲಿ ಬುದ್ಧಿ ಕೈಕೊಟ್ಟಿದೆ ಎಂದು ಎಲ್ಲರೂ ಅನ್ನುತ್ತಿದ್ದಾರೆ ಎಂದು ಹೇಳಿ, ಅವನು ಕೊಟ್ಟ ಜಾಗವನ್ನು ಹೇಳತೊಡಗಿದರು.

ಹದಿನೆಂಟು ಡಿಗ್ರಿ... ಎನ್ನುವಷ್ಟರಲ್ಲಿ ಉಳಿದದ್ದು ನನ್ನ ನಾಲಿಗೆಯ ತುದಿಗೆ ಬಂದಾಗಿತ್ತು. ಮಾಸ್ತರರ ಕಡೆ ನೋಡಿದೆ. ಅವರು ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಯಲ್ಲೇ ಊರಿ ಹಿಡಿದಿದ್ದರು. ಡಬ್ಬಿ ಕರಟಿ ಕೋಣೆಯ ತುಂಬ ಹೊಗೆಯಾದರೂ ಕೈ ತೆಗೆಯಲಿಲ್ಲ.

ಅದು ಗೋಲಗುಮ್ಮಟ ಮುಳುಗುವ ಜಾಗ ಎಂದು ಲೋಕದಲ್ಲಿ ಗೊತ್ತಿದ್ದದ್ದು ಆ ಕ್ಲಾಸಿನ ಗೋಡೆಗಳೊಳಗೆ ಕೂತವರಿಗೆ ಮಾತ್ರ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೋದದ್ದು ಹೋಯಿತು, ಕ್ಲಾಸಿನ ಹೆಸರು ಎತ್ತಬೇಡಿ ಎಂದು ಸೇಠ್ ಅದನ್ನೇ ಹೇಳಿದರು. "ಮಾಸ್ತರ್, ಜೋ ಗಯಾ ಸೋ ಗಯಾ. ಕ್ಲಾಸ್ ಕಾ ನಾಮ್ ಮತ್ ಲೇನಾ."  ಮಾಸ್ತರರು ಮರುದಿನವೇ, ಹಡಗು ಮುಳುಗಿದ್ದರ ತನಿಖೆ ನಡೆಸುತ್ತಿದ್ದ ಆಫೀಸಿಗೆ ಹೋಗಿ ಎಲ್ಲ ಹೇಳಿ ಬಂದರು. ಭಾನುವಾರ ನನ್ನನ್ನೂ ಕರೆದುಕೊಂಡು ಕಲ್ಯಾಣಕ್ಕೆ ಹೋದರು. ಹುಡುಗನ ತಾಯಿಯ ಹತ್ತಿರ ಕೂರಲು ಒಬ್ಬ ಹೆಂಗಸು ಬೇಕು ಎಂದರು.

ಯಾರ್ಡಿನ ಹಿಂದಿನ ಚಾಳಿನಲ್ಲಿ ಒಂದೇ ಕೋಣೆ. ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದರು, ನಾವು ಹೊರಡುವವರೆಗೂ ತಿರುಗಲಿಲ್ಲ. ತಂದೆ ನಮಗೆ ಚಾಪೆ ಹಾಸಿದರು. ಮಗ ಹೆದರಿ ತಪ್ಪು ಹೇಳಿ ಎಲ್ಲರನ್ನೂ ಕೊಂದ ಎಂದು, ಅದೇ ಹಡಗಿನಲ್ಲಿ ತಮ್ಮನನ್ನು ಕಳೆದುಕೊಂಡವನೊಬ್ಬ ಬಾಗಿಲಿಗೆ ಬಂದು ಬೈದು ಹೋಗಿದ್ದನಂತೆ. ಮಾಸ್ತರರು ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು.

"ನಿಮ್ಮ ಮಗ ಹೆದರಿಲ್ಲ. ತಪ್ಪು ಅವಂದಲ್ಲ. ನಾ ಬಾಯಾಗ ಏನ್ ಹಾಕಿದ್ನೋ ಅದನ್ನ ಒಂದಕ್ಷರ ಬಿಡದ ಹೇಳ್ಯಾನ. ಆ ಜಾಗಾ ನಂದು."

ತಂದೆಗೆ ಅರ್ಥವಾಯಿತೋ ಇಲ್ಲವೋ.  ಕೇಳಿದ್ದು ಇಷ್ಟೇ. "ಹಂಗಾರ ನಮ್ಮ ಹುಡುಗ ಛಲೋ ಕಲ್ತಿದ್ದ ಅಂದಂಗಾತು. ಹೌದಲ್ರೀ ಮಾಸ್ತರ?"

ಮಾಸ್ತರರು ಹೌದೆಂದು ತಲೆಯಾಡಿಸಿದರು. 

ಅಲ್ಲಿಂದ ಅವರ ಪಾಠ ಬದಲಾಯಿತು. ಗೋಲಗುಮ್ಮಟದ ಹೆಸರು ಮತ್ತೆ ಎತ್ತಲಿಲ್ಲ. ದಿನಕ್ಕೊಂದು ಹಡಗು, ದಿನಕ್ಕೊಂದು ಜಾಗ, ಅದನ್ನು ಹುಡುಗರೇ ನಕಾಶೆ ನೋಡಿ ತೆಗೆಯಬೇಕು. ಮೆಟ್ಟಿಲ ಮೇಲೆ, ಚಹಾದಂಗಡಿಯಲ್ಲಿ, ಪ್ಲಾಟ್‌ಫಾರಂನ ನೂಕುನುಗ್ಗಲಿನಲ್ಲಿ ಹುಡುಗರ ಭುಜ ಹಿಡಿದು ನಿಲ್ಲಿಸಿ, "ಈಗ ಎಲ್ಲದೀ?" ಎಂದು ಕೇಳುವರು. ಕೋಪರಿ ಸೇತುವೆಯ ಕೆಳಗೆ, ಸ್ಟೇಷನ್ನಿಗೆ ಪೂರ್ವಕ್ಕೆ ಎಂದು ಅವರು ಸುತ್ತ ನೋಡಿ ಹೇಳಬೇಕು. ನನ್ನನ್ನೂ ಬಿಡಲಿಲ್ಲ. ಬೆಳಿಗ್ಗೆ ನಮಸ್ಕಾರಕ್ಕೆ ಬದಲಾಗಿ ಅದೇ ಪ್ರಶ್ನೆ. ಮಾಸ್ತರ್ ಸಟಕ್ ಗಯಾ, ತಲೆ ಕೆಟ್ಟಿದೆ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಂಡರು. ಯೋಚಿಸಿ ಹೇಳುವವರು ತಡವರಿಸುತ್ತಾರೆ. ಪರೀಕ್ಷೆಯಲ್ಲಿ ತಡವರಿಸಿದರು, ಫೇಲಾದರು. ಸೇಠ್ ಎರಡು ವರ್ಷ ಸಹಿಸಿಕೊಂಡು, ಬೇರೆ ಮಾಸ್ತರರನ್ನು ತಂದರು. ಹೊಸಬರು ಬಂದ ವಾರವೇ ಒಂದು ಹೊಸ ಸುಳ್ಳು ಹಡಗು, ಒಂದೇ ಜಾಗ... ನಾನು ಅದನ್ನೂ ಕೆಲವು ಕಾಲ ತಿರುಗಿ ಓದಿದೆ. ಆಮೇಲೆ ಬೇರೆ ಕೆಲಸ ಹುಡುಕಿಕೊಂಡೆ.

ನಮ್ಮ ಮಾಸ್ತರರು ಕಲ್ಯಾಣದಾಚೆ ಟಿಟ್ವಾಳಾದಲ್ಲಿ ಅಗ್ಗದ ಒಂದು ಮನೆ ಹಿಡಿದು ತಂಗಿಯ ಜೊತೆ ಇದ್ದರು. ಎಂಬತ್ತರ ದಶಕ ಕಳೆಯುವ ಹೊತ್ತಿಗೆ ಪಾರ್ಶ್ವವಾಯು ಬಡಿಯಿತು. ನೋಡಲು ಹೋದ ದಿನ ಡಾಕ್ಟರರೂ ಬಂದಿದ್ದರು. ಪ್ರಜ್ಞೆ ಎಷ್ಟಿದೆ ಎಂದು ತಿಳಿಯಲು ಅವರು ಕೇಳುವ ಮಾಮೂಲು ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಿದರು. ಹೆಸರೇನು? ಉತ್ತರವಿಲ್ಲ. ಅಜ್ಜಾ, ಈಗ ನೀವು ಎಲ್ಲಿದ್ದೀರಿ?

ಮಾಸ್ತರರ ತುಟಿ ಅಲುಗಿತು. ಸೊಟ್ಟಗಾದ ಬಾಯಲ್ಲೂ ಒಂದೊಂದೂ ಬಿಡಿಬಿಡಿಯಾಗಿ ಬಂತು. ಇದು ಗೋಲಗುಮ್ಮಟ, ಗೋಲಗುಮ್ಮಟ, ಗೋಲಗುಮ್ಮಟ. ಹದಿನೆಂಟು ಡಿಗ್ರಿ ನಲವತ್ತು ಮಿನಿಟು ಉತ್ತರ...

ಡಾಕ್ಟರರು ನನ್ನ ಮುಖ ನೋಡಿದರು. ಮಾಸ್ತರರು ಪೂರ್ತಿ ಹೇಳಿ ಮುಗಿಸಿ ಕಾದರು. ದಡ ತಿರುಗಿ ಓದಲಿ ಎಂದು ಕಾಯುತ್ತಿದ್ದಾರೆ ಎಂದು ಗೊತ್ತಾಯಿತು. ನಾನು ಓದಲಿಲ್ಲ. ಅವರ ಸರಿಯಿದ್ದ ಕಿವಿಯ ಬಳಿ ಬಗ್ಗಿ, "ಇಲ್ಲ ಮಾಸ್ತರೇ. ಟಿಟ್ವಾಳಾ. ಸ್ಟೇಷನ್ನಿನ ಪೂರ್ವಕ್ಕೆ, ನಿಮ್ಮ ಮನೆ, ಕಿಟಕಿಯ ಕೆಳಗಿನ ಮಂಚ" ಎಂದೆ.

ಅವರು ಕಣ್ಣು ತಿರುಗಿಸಿ ಕಿಟಕಿ ನೋಡಿದರು. ಗೋಡೆ ನೋಡಿದರು.

"ಹಂಗಾರ ಇಲ್ಲಿಗ ಬರ್ತಾರೇನು?"

ಬರುತ್ತಾರೆ ಎಂದೆ. ಯಾರು ಎಂದು ನಾನು ಕೇಳಲಿಲ್ಲ. ಮಾಸ್ತರರು ಆ ತಿಂಗಳು ದಾಟಲಿಲ್ಲ.

ರಿಪೇರಿಯವನು ಫೋನು ಕೊಟ್ಟ. ದುಡ್ಡು ಕೊಟ್ಟು ಐರೋಲಿಯ ಗಾಡಿ ಹತ್ತಿದೆ. ಖಾಡಿಯ ಕೆಸರು ನಾತ ಅಲ್ಲಿಯೂ ಕಿಟಕಿಯಿಂದ ಬಂತು. ಗಾಡಿ ನಿಂತಲ್ಲೆಲ್ಲ ಹೊರಗೆ ನೋಡಿ, ಎಲ್ಲಿದ್ದೇನೆ ಎಂದು ಬಾಯೊಳಗೇ ಹೇಳಿಕೊಳ್ಳುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ಕೇಳುವವರು ಯಾರೂ ಉಳಿದಿಲ್ಲ... ಆದರೂ ಹೇಳಿಕೊಂಡೆ.