ಬಣ್ಣದ ಚೀಟಿ ಗುಡಿಸಿದ ಅಡುಗೆಯ ನಾಗಿ

ಬೆಳಗಿನ ಆರೂಕಾಲು. ಬೆಳಂಬಾರದ ದಂಡೆಗೆ ದೋಣಿಗಳು ಇನ್ನೂ ತಿರುಗಿ ಬಂದಿಲ್ಲ. ಊರಿನ ಕಾಗೆಗಳೆಲ್ಲ ಸರ್ಕಾರಿ ಶಾಲೆಯ ಅಂಗಳದ ಸುತ್ತ ಸಭೆ ಸೇರಿವೆ. ಅಂಗಳದಲ್ಲಿ ನೀಲಿ ತಾಡಪತ್ರಿ ಹಾಸಿದೆ, ಅದರ ಮೇಲೆ ಸಾಲುಸಾಲಾಗಿ ಏನೋ ಒಣಗಲು ಬಿದ್ದಿದೆ. ಇಲ್ಲಿನ ಕಾಗೆಗಳಿಗೆ ತಾಡಪತ್ರಿ ಕಂಡರೆ ಒಣಮೀನಿನದೇ ನೆನಪು. ಒಂದು ಕಾಗೆ ಧೈರ್ಯ ಮಾಡಿ ಇಳಿಯುತ್ತದೆ, ಕುಕ್ಕಿ ನೋಡುತ್ತದೆ, ಮುಖ ತಿರುಗಿಸಿ ಹಾರಿ ಹೋಗುತ್ತದೆ. ಪಾಪ, ಅಲ್ಲಿರುವುದು ಪುಸ್ತಕ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ನಾಗಿ ಹರಿಕಂತ್ರ ಒಂದೊಂದೇ ಪುಸ್ತಕವನ್ನು ನಡುವಿಗೆ ಬಿಡಿಸಿ ಇಡುತ್ತಿದ್ದಾರೆ. ಗಾಳಿಗೆ ಹಾಳೆ ಹಾರದಂತೆ ಮೇಲೊಂದು ಕಲ್ಲು. ಮಳೆಗಾಲ ಕಳೆದರೂ ಕಪಾಟಿನೊಳಗಿನ ಬೂಷ್ಟು ಕಳೆಯುವುದಿಲ್ಲ. ಬಿಸಿಲು ಏರುವಷ್ಟರಲ್ಲಿ ಇವರು ಅಡುಗೆಮನೆಗೆ ಹೋಗಬೇಕು. "ಅಕ್ಕಿ ತೊಳ್ದ ಒದ್ದೆ ಕೈಯಲ್ಲಿ ಪುಸ್ತಕ ಮುಟ್ಟೂದು ಬೇಡ. ಅದ್ಕೆ ಇದು ಮೊದ್ಲು, ಅನ್ನ ಆಮೇಲೆ," ಎನ್ನುತ್ತಾರೆ.

ನಲವತ್ತಾರರ ನಾಗಿ ಈ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಹದಿನಾಲ್ಕು ವರ್ಷವಾಯಿತು. ಒಂದರಿಂದ ಏಳರವರೆಗೆ ಅರವತ್ತನಾಲ್ಕು ಮಕ್ಕಳು, ದಿನಕ್ಕೆ ಏಳು ಕಿಲೋ ಅಕ್ಕಿ, ಸಾಂಬಾರಿಗೆ ಮೂರು ತೆಂಗಿನಕಾಯಿ. ಇದು ಸರ್ಕಾರ ಕೊಟ್ಟ ಕೆಲಸ. ಎರಡು ಕಪಾಟು, ನಾನೂರ ಹನ್ನೆರಡು ಪುಸ್ತಕ, ಒಂದು ಬೀಗದಕೈ. ಇದು ಯಾರೂ ಕೊಡದೆ ಮೈಮೇಲೆ ಬಂದದ್ದು. ಕಪಾಟುಗಳು ಅಕ್ಕಿ ಇಡುವ ಕೋಣೆಯಲ್ಲಿವೆ, ಶಾಲೆಗೆ ಮೊದಲು ಬಂದು ಕೊನೆಗೆ ಹೋಗುವವರು ನಾಗಿ. ಬೀಗದಕೈ ಇನ್ನೆಲ್ಲಿಗೆ ಹೋಗಬೇಕು?

ಹುಟ್ಟಿದ್ದು ಕಾರವಾರದ ಹತ್ತಿರದ ತೋಡೂರಿನಲ್ಲಿ. ಹೆತ್ತ ಆಯಿ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟರೆ ಮನೆಯಲ್ಲಿ ತೊಟ್ಟಿಲ ತಮ್ಮನನ್ನು ನೋಡಲು ಜನ ಬೇಕಿತ್ತು. ನಾಲ್ಕನೇ ಇಯತ್ತೆಯ ಅರ್ಧಕ್ಕೆ ನಾಗಿಯ ಪಾಟಿಚೀಲ ಗೂಟಕ್ಕೆ ಸೇರಿತು. ಮದುವೆಯಾಗಿ ಬೆಳಂಬಾರಕ್ಕೆ ಬಂದರು. ಗಂಡ ಪುಂಡಲೀಕ ಈಗಲೂ ಬೋಟಿಗೆ ಹೋಗುತ್ತಾರೆ. "ಶಾಲೆ ಬಿಡು ಅಂದಾಗ ನಾ ಅಳ್ಲಿಲ್ಲ. ಅಳ್ಬೇಕು ಹೇಳಿಯೂ ಗೊತ್ತಿರ್ಲಿಲ್ಲ," ಎನ್ನುವಾಗ ಅವರ ದನಿಯಲ್ಲಿ ದೂರಿಲ್ಲ.

ಎರಡು ವರ್ಷದ ಹಿಂದೆ ಕಾರವಾರದ ಒಂದು ಸಂಸ್ಥೆಯವರು ಟ್ರಂಕು ತುಂಬ ಪುಸ್ತಕ ತಂದುಕೊಟ್ಟರು. ಪ್ರತಿ ಪುಸ್ತಕದ ಬೆನ್ನಿಗೂ ಬಣ್ಣದ ಚೀಟಿ. ಹಸಿರು ಎಲ್ಲಕ್ಕಿಂತ ಸುಲಭ, ಆಮೇಲೆ ಹಳದಿ, ಕೆಂಪು, ಕೊನೆಗೆ ನೀಲಿ. ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಓದಿಸಿದರು, ಓದಿದ್ದಕ್ಕೆ ತಕ್ಕ ಬಣ್ಣದ ಕಾರ್ಡು ಕೊಟ್ಟರು. ಹಸಿರು ಕಾರ್ಡಿನವರು ಹಸಿರು ಪುಸ್ತಕವನ್ನೇ ಒಯ್ಯಬೇಕು. ಯಾವ ಮಗುವೂ ಓದಲಾಗದೆ ಸೋಲಬಾರದು ಎಂಬುದೇ ಅವರ ಉದ್ದೇಶ, ತಪ್ಪು ಹೇಳುವಂತಿಲ್ಲ.

ಆದರೆ ಐದನೇ ತರಗತಿಯ ದೀಕ್ಷಾಳಿಗೆ ಸಿಕ್ಕಿದ್ದು ಹಸಿರು. ಪುಟಕ್ಕೆ ನಾಲ್ಕು ಪದ, ಒಂದು ಬಾತುಕೋಳಿ. ಅದೇ ಬಾತುಕೋಳಿಯನ್ನು ಎರಡನೇ ತರಗತಿಯ ಚಿಳ್ಳೆಪಿಳ್ಳೆಗಳೂ ಒಯ್ಯುತ್ತಿದ್ದವು. ಎರಡು ವಾರ ಒಯ್ದಳು, ಮೂರನೇ ವಾರದಿಂದ ಕಪಾಟಿನ ಹತ್ತಿರ ಸುಳಿಯಲಿಲ್ಲ. ಪುಸ್ತಕದ ಅವಧಿ ಬಂತೆಂದರೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. "ಹೋಗೇ ತಂಗಿ ಅಂದ್ರೆ, ನಂಗೆ ಓದೂಕೆ ಬತ್ತಿಲ್ಲ, ಕಾರ್ಡಲ್ಲೇ ಬರ್ದದೆ ಅಂತು," ಎಂದು ನಾಗಿ ನೆನೆಯುತ್ತಾರೆ.

ಇನ್ನು ನಾಗಿ ಮಾಡಿದ ಎಡವಟ್ಟಿನ ಕತೆ. ಆ ವರ್ಷದ ದಸರಾ ರಜೆಯಲ್ಲಿ ಅಕ್ಕಿಗೆ ಹುಳ ಬಿದ್ದಿದೆಯೋ ನೋಡಲು ಬಂದವರು ಕಪಾಟು ತೆರೆದರು. ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಕಡಲ ತಡಿಯಲ್ಲಿ ಹುಟ್ಟಿದ ಹೆಂಗಸಿಗೆ ಒದ್ದೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಮನೆಯಿಂದ ಒಣಮೀನಿನ ತಾಡಪತ್ರಿ ತಂದು, ತಿಕ್ಕಿ ತೊಳೆದು, ಮೂರು ದಿನ ಪುಸ್ತಕಗಳನ್ನು ಬಿಸಿಲಿಗೆ ಹಾಕಿದರು. ಸಂಜೆಯಾದಂತೆ ಬಣ್ಣದ ಚೀಟಿಗಳು ಹಪ್ಪಳದ ಹಾಗೆ ಮುರುಟಿ ಒಂದೊಂದೇ ಉದುರಿದವು. ಉದುರದೆ ಉಳಿದವನ್ನು ಉಗುರಿನಿಂದ ಕಿತ್ತರು, ಎಲ್ಲ ಗುಡಿಸಿ ಕಸದ ಗುಂಡಿಗೆ ಹಾಕಿದರು.

"ಬಟ್ಟೆ ಅಂಗಡೀಲಿ ಅಂಟಿಸಿರ್ತಾರಲ್ಲ, ಅಂಥಾ ಬೆಲೆ ಚೀಟಿ ಹೇಳಿ ತಿಳ್ಕಂಡೆ. ಮಕ್ಳಿಗೆ ಕೊಡೋ ಪುಸ್ತಕಕ್ಕೆ ಬೆಲೆ ಎಂತಕ್ಕೆ? ಹೊಸ ಸೀರೆ ಚೀಟಿ ಕಿತ್ತೇ ಉಡೂದಲ್ವೇ?" ಎಂದು ಈಗ ನಗುತ್ತಾರೆ. ಆಗ ನಕ್ಕಿರಲಿಲ್ಲ. ರಜೆ ಮುಗಿದು ಬಂದ ಹೆಡ್‌ಮಾಸ್ತರು ಮಧುಕರ ನಾಯ್ಕರು ಚೀಟಿಯಿಲ್ಲದ ಪುಸ್ತಕ ನೋಡಿ ತಲೆಮೇಲೆ ಕೈಹೊತ್ತು ಕೂತಾಗಲೇ ಚೀಟಿ ಯಾತರದ್ದೆಂದು, ಪುಸ್ತಕ ಹಂಚುವಾಗಲೆಲ್ಲ ಒಲೆಯ ಮುಂದಿರುತ್ತಿದ್ದ ನಾಗಿಗೆ ಗೊತ್ತಾದದ್ದು.

ಮತ್ತೆ ವಿಂಗಡಿಸಲು ಸಂಸ್ಥೆಯಿಂದ ಪಟ್ಟಿ ತರಿಸಬೇಕು. ಅಷ್ಟರಲ್ಲಿ ಕ್ರೀಡಾಕೂಟ ಬಂತು, ಗಣತಿಯ ಕೆಲಸ ಬಂತು. ಮಕ್ಕಳು ಕಾಯಲಿಲ್ಲ. ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎತ್ತಿ ನೋಡಿದರು, ಚಿತ್ರ ನೋಡಿದರು, ಸರಿಬಾರದ್ದನ್ನು ವಾಪಸಿಟ್ಟರು. ನಾಗಿ ತಡೆಯಲಿಲ್ಲ. "ಮೀನು ತಕಂಬೋರು ಕಿವಿರು ಎತ್ತಿ ನೋಡೇ ನೋಡ್ತಾರೆ. ಬೇಡದಿದ್ರೆ ಬಿಟ್ಟು ಹೋಗ್ತಾರೆ. ನಮ್ಮ ಆಯಿ ಯಾರಿಗೂ ನಿಂಗೆ ಅಗ್ಗದ ತಾರ್ಲೆ ಸಾಕು, ದುಬಾರಿ ಇಸ್ವಾಣಕ್ಕೆ ಕೈ ಹಾಕ್ಬೇಡ ಹೇಳಿ ಅಂದವಳಲ್ಲ." ಊಟ ತನ್ನಿಚ್ಛೆ ಎಂಬ ಗಾದೆ ಬಡಿಸುವವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ?

ಬೆಳ್ಳುಳ್ಳಿ ಬಿಟ್ಟು ಎದ್ದ ದೀಕ್ಷಾ ಆರಿಸಿದ್ದು ಮುಳುಗಿದ ಹಡಗುಗಳ ಬಗ್ಗೆ ಇದ್ದ ನೂರ ನಲವತ್ತು ಪುಟದ ದಪ್ಪ ಪುಸ್ತಕ. ಅವಳ ಅಪ್ಪ ದತ್ತಾ ಬೋಟಿನಲ್ಲಿ ದುಡಿಯುವ ಕಲಾಸಿ. ಆ ಪುಸ್ತಕ ನೀಲಿಯದ್ದೆಂದು ಅವಳಿಗೂ ಗೊತ್ತಿಲ್ಲ, ಬೀಗ ತೆಗೆದ ನಾಗಿಗೂ ಗೊತ್ತಿಲ್ಲ. ಮೊದಮೊದಲು ಎರಡು ದಿನಕ್ಕೆ ಒಂದು ಪುಟ. ಒತ್ತಕ್ಷರ ಬಂದಲ್ಲಿ ಎಡವುವಳು, ನಾಗಿಯನ್ನು ಕೇಳುವಳು, ನಾಗಿಗೂ ಬಾರದು. ಅನ್ನ ಬೇಯುವ ಹೊತ್ತಿನಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಅಕ್ಷರ ಕೂಡಿಸುತ್ತಿದ್ದರು. "ಒಂದಿನ ಹಡಗು ಮುಳುಗೂ ಹೊತ್ತಿಗೆ ಅನ್ನ ತಳ ಹಿಡೀತು. ಯಾರಿಗೂ ಹೇಳ್ಬೇಡಿ," ಎನ್ನುತ್ತಾರೆ. ಹೇಳಿದ್ದೇವೆ, ಕ್ಷಮಿಸಬೇಕು.

ಡಿಸೆಂಬರಿನಲ್ಲಿ ಪತ್ರ ಬಂತು. ಸಂಸ್ಥೆಯ ಪ್ರಗತಿ ಮೇಡಂ ತಪಾಸಣೆಗೆ ಬರುತ್ತಾರೆ. ಬಣ್ಣದ ಪದ್ಧತಿ ಪಾಲಿಸದ ಶಾಲೆಗಳಿಂದ ಪುಸ್ತಕ ವಾಪಸು ಪಡೆದು ಬೇರೆ ಶಾಲೆಗೆ ಕೊಡಲಾಗುವುದು. ಹೊಸ ಚೀಟಿಯ ಹಾಳೆಗಳೂ ಪಟ್ಟಿಯೂ ಜೊತೆಗಿದ್ದವು. ಮಧುಕರ ಮಾಸ್ತರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಮಕ್ಕಳು ಮುಗಿಬಿದ್ದು ಓದುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ, ಆದರೆ ಪುಸ್ತಕವೇ ಹೋದರೆ ಓದುವುದೇನನ್ನು? "ನಾಗಿ, ಚೀಟಿ ಹಚ್ಚುವ. ದೀಕ್ಷಾನ ಹತ್ರ ಇದ್ದ ಪುಸ್ತಕ ಈಸ್ಕಂಡು ಒಳಗಿಡಿ," ಎಂದರು.

ನಾಗಿ ಸೊಂಟದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟರು. "ಚೀಟಿ ಹಚ್ಚಿ ಮಾಸ್ತರೆ, ಬೇಡ ಅನ್ನೂಕೆ ನಾನ್ಯಾರು. ಆದ್ರೆ ಓದ್ತಾ ಇದ್ದ ಪುಸ್ತಕ ಆ ಕೂಸಿನ ಕೈಯಿಂದ ಕಸ್ಕಂಬೂದು ನನ್ನತ್ರ ಆಗೂದಿಲ್ಲ. ಉಣ್ತಾ ಕೂತವರ ಮುಂದಿನ ಬಟ್ಲು ಎತ್ತಿದ್ದಿಲ್ಲ ನಾನು." ಹದಿನಾಲ್ಕು ವರ್ಷದಲ್ಲಿ ಮಾಸ್ತರಿಗೆ ಅವರು ಎದುರಾಡಿದ್ದು ಅದೊಂದೇ ಸಲ. ಮಾಸ್ತರು ಚೀಟಿಯ ಹಾಳೆಗಳನ್ನು ಡ್ರಾವರಿನಲ್ಲಿಟ್ಟು, ಬಂದದ್ದು ಬರಲಿ ಎಂದು ಬೀಗದಕೈಯನ್ನು ನಾಗಿಯ ಕಡೆ ದೂಡಿದರು. ಪುಸ್ತಕ ಉಳಿಯುವುದೋ ಹೋಗುವುದೋ ಎಂದು ಆ ವಾರ ಶಾಲೆಯ ತುಂಬ ಅದೇ ಮಾತು.

ಪ್ರಗತಿ ಮೇಡಂ ಬಂದರು. ಬೋಳು ಬೆನ್ನಿನ ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. ಹಳೆಯ ಪಟ್ಟಿ ತೆಗೆದು ದೀಕ್ಷಾಳನ್ನೇ ಮೊದಲು ಕರೆದು ಹಸಿರು ಮಟ್ಟದ ಪರೀಕ್ಷೆಯ ಹಾಳೆ ಕೊಟ್ಟರು. ಹುಡುಗಿ ನಿಂತಳು. ಮೊದಲ ಸಾಲಲ್ಲೇ ತಡವರಿಸಿ ಬಾಯಿ ಮುಚ್ಚಿದಳು. ಮೇಡಂ ಏನನ್ನೋ ಬರೆದುಕೊಂಡರು. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ನಾಗಿ ಹೇಳಿಯೇಬಿಟ್ಟರು: "ಬಾಯೋರೆ, ಸಿಟ್ಟಾಗ್ಬೇಡಿ. ಅದ್ರ ಪುಸ್ತಕ ಅದ್ಕೆ ಕೊಟ್ಟು ಒಂದ್ಸಲ ನೋಡಿ."

ದೀಕ್ಷಾ ಹಡಗಿನ ಪುಸ್ತಕ ತಂದಳು. ಓದಿದಳು. ಪಟಪಟನೆ ಅಲ್ಲ. ನಿಲ್ಲುವಳು, ಹಿಂದೆ ಹೋಗುವಳು, ಬೆರಳಿಟ್ಟು ಮತ್ತೆ ಹೊರಡುವಳು. ಅರ್ಧ ಪುಟಕ್ಕೆ ಆರು ನಿಮಿಷ ಹಿಡಿಯಿತು. ಹನ್ನೊಂದು ಕಡೆ ತಪ್ಪಿದಳು, ಎಂಟನ್ನು ತಾನೇ ತಿದ್ದಿಕೊಂಡಳು. ಬಿರುಗಾಳಿಗೆ ಲಂಗರು ಜಾರಿ ಹಡಗು ಬಂಡೆಗೆ ಬಡಿದಲ್ಲಿಗೆ ಬಂದಾಗ ತಲೆಯೆತ್ತಿ, "ಮೆತ್ತಗಿನ ಕೆಸ್ರಲ್ಲಿ ಲಂಗರು ಕಚ್ಚೂದಿಲ್ಲ ಮೇಡಂ, ಎಳ್ಕಂಡು ಹೋಗ್ತದೆ. ಅಪ್ಪ ಹೇಳ್ತ," ಎಂದು ತಾನೇ ವಿವರಿಸಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಆಮೇಲೆ ಆ ಹಡಗಿನ ಜನ ಏನಾದ್ರು?" ಎಂದು ಕೇಳಿದರು.

"ನಂಗೂ ಗೊತ್ತಿಲ್ಲ. ನಾಳೆ ಓದ್ತೆ."

ಪುಸ್ತಕಗಳು ಬೆಳಂಬಾರದಲ್ಲೇ ಉಳಿದವು. ಮುಂದಿನ ತಿಂಗಳು ಬಂದ ಪತ್ರದಲ್ಲಿ, ಈ ಶಾಲೆಗೆ ಬಣ್ಣದ ಚೀಟಿ ಕಡ್ಡಾಯವಲ್ಲ ಎಂದಿತ್ತು. ಎಲ್ಲ ಸುಲಭವಾಗಿದೆ ಎಂದೇನೂ ಅಲ್ಲ. ದಪ್ಪ ಪುಸ್ತಕ ಒಯ್ದು ಎರಡೇ ದಿನಕ್ಕೆ ಸೋತು ತರುವ ಮಕ್ಕಳಿದ್ದಾರೆ, ವರ್ಷವಿಡೀ ಚಿತ್ರವನ್ನೇ ನೋಡುವವರೂ ಇದ್ದಾರೆ. ನಾಗಿ ಯಾರನ್ನೂ ಯಾಕೆಂದು ಕೇಳುವುದಿಲ್ಲ. ಮಲ್ಲಾಪುರದ ಟೌನ್‌ಶಿಪ್ಪಿನಿಂದ ಪಾಠ ಹೇಳುವ ಒಬ್ಬ ಅಕ್ಕೋರು ಈ ಪದ್ಧತಿ ನೋಡಲೆಂದೇ ಬಂದಿದ್ದರು. ಯಾವ ಮಗುವಿಗೆ ಯಾವ ಪುಸ್ತಕ ಎಂದು ಹೇಗೆ ಆರಿಸುತ್ತೀರಿ ಎಂದರೆ, "ನಾ ಆರ್ಸೂದೇ ಇಲ್ಲ ಅಕ್ಕೋರೆ. ಬೀಗ ತೆಗೀತೆ, ಅಷ್ಟೇ," ಎಂದು ಕಳಿಸಿದರಂತೆ. ದೀಕ್ಷಾ ಈಗ ಏಳನೇ ತರಗತಿ. ಹಡಗಿನ ಪುಸ್ತಕವನ್ನು ಐದನೇ ತರಗತಿಯ ಮಾರ್ಚಿನಲ್ಲೇ ಮುಗಿಸಿದ್ದಳು.

ಬಿಸಿಲು ಏರುತ್ತಿದೆ. ಅಕ್ಕಿ ತೊಳೆಯುವ ಹೊತ್ತಾಯಿತು. ಇಷ್ಟು ವರ್ಷ ದುಡಿದ ಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನಾಗಿ ತುಸು ನಾಚುತ್ತಾರೆ.

"ಇನ್ನೊಂದು ಕಪಾಟು ಪುಸ್ತಕ ಬಂದ್ರೆ ಅಡ್ಡಿಲ್ಲ. ಇದ್ರಲ್ಲಿ ನಂಗೆ ಓದೂಕೆ ಇನ್ನು ನಲ್ವತ್ತೇ ಉಳಿದದ್ದು. ಯಾವ್ದು ಕಷ್ಟ, ಯಾವ್ದು ಸುಲಭ ಹೇಳಿ ನಂಗೆ ಯಾರೂ ಹೇಳ್ಲಿಲ್ಲ. ಹಾಂಗಾಗಿ ಕೈಗೆ ಸಿಕ್ಕಿದ್ದೆಲ್ಲಾ ಓದ್ದೆ."