ಚಿತ್ತವಾಡ್ಗಿಯ ಮೌನ

ಮೊನ್ನೆ ತಂಗಿಯ ಮಗಳು ಹೊಸದೊಂದು ಮೈಕನ್ನೂ ಅದರ ದನಿ ಹಿಡಿಯುವ ರೆಕಾರ್ಡಿಂಗ್ ಪೆಟ್ಟಿಗೆಯನ್ನೂ ತಂದು ತನ್ನ ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. "ಆತು ಮಾವ" ಎಂದಳು. ಇಷ್ಟು ಸಲೀಸಾಗಿ ಆಗಿಬಿಟ್ಟರೆ ಮನುಷ್ಯ ಕುಣಿಯುವುದು ಯಾವಾಗ, ನೀವೇ ಹೇಳಿ.

ಗಣಿ ಧೂಳಿನ ಕಾಲದಲ್ಲಿ ಹೊಸಪೇಟೆಯ ಮರದೆಲೆ, ಎಮ್ಮೆ, ನಾನು ಒಣಹಾಕಿದ ಬಿಳಿ ಪಂಚೆ ಎಲ್ಲವೂ ಒಂದೇ ಕೆಂಪು. ಆಗ ಅದೇ ಊರಿನ ಚಿತ್ತವಾಡ್ಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗೆಳೆಯ ಕೊಟ್ರೇಶಿ ಕಂಪ್ಯೂಟರ್ ಕಲಿಸುತ್ತಿದ್ದ. ಹಂಪಿಗೆ ಬಂದ ಪರದೇಶದ ಸಂಗೀತಗಾರನೊಬ್ಬ, ಹೊರಲು ಭಾರವೆಂದು, ಸ್ಟುಡಿಯೋದವರು ಬಳಸುವ ಇಂಥದೇ ಪೆಟ್ಟಿಗೆಯನ್ನೂ ಮೈಕನ್ನೂ ಅವನಿಗೆ ಕೊಟ್ಟುಹೋದ. ಕೊಟ್ರೇಶಿಯ ಕಂಪ್ಯೂಟರ್ ನಡೆಯುತ್ತಿದ್ದದ್ದು ಎಲ್ಲರದರಂತಲ್ಲ, ಪುಕ್ಕಟೆ ಸಿಗುವ ಲಿನಕ್ಸ್‌ನಲ್ಲಿ. ಪೆಟ್ಟಿಗೆಯ ಕಣ್ಣಿಗೆ ಅದು ಮದುವೆಮನೆಗೆ ಕರೆಯದೆ ಬಂದ ನೆಂಟ, ಗುರುತೇ ಹಿಡಿಯಲಿಲ್ಲ.

ನಮಗೋ ಅವಸರ. ನನ್ನ ದೊಡ್ಡವ್ವನಿಗೆ ಬರುವಷ್ಟು ಸೋಬಾನೆ ಹಾಡು ಕಂಪ್ಲಿಯ ತನಕ ಯಾರಿಗೂ ಬರುತ್ತಿರಲಿಲ್ಲ. ಅವಳ ಹಲ್ಲನ್ನೆಲ್ಲ ಕೀಳಲು ಡಾಕ್ಟರು ದಿನ ಗೊತ್ತುಮಾಡಿದ್ದರು, ಅಷ್ಟರೊಳಗೆ ಹಾಡು ಹಿಡಿದಿಡಬೇಕಿತ್ತು. "ಹಲ್ಲು ಹೋದ ಮ್ಯಾಲ ನಂದು ಹಾಡಲ್ಲಪ್ಪ, ಕುಕ್ಕರ್ ಸೀಟಿ" ಎನ್ನುತ್ತ ದವಡೆಗೆ ಲವಂಗ ಒತ್ತಿಕೊಂಡು ಕಾಯುತ್ತಿದ್ದಳು.

ಯುರೋಪಿನಲ್ಲೆಲ್ಲೋ ಇಂಥ ಪೆಟ್ಟಿಗೆಗಳಿಗೂ ಲಿನಕ್ಸಿಗೂ ಸಂಬಂಧ ಕುದುರಿಸುವ ಹುಚ್ಚಿನ ಪುಣ್ಯಾತ್ಮನೊಬ್ಬನಿದ್ದ. ಅವನು ಪ್ರೋಗ್ರಾಂ ಬರೆದು ಕಳಿಸುವುದು, ನಾವು ಹಾಕಿ ನೋಡಿ, ಹೀಗಾಯಿತು ಎಂದು ಮೇಲ್ ಮಾಡುವುದು. ಕೊನೆಗೊಂದು ದಿನ ಪೆಟ್ಟಿಗೆ ಉಸಿರಾಡಿತು. ಕೊಟ್ರೇಶಿ ಕುರ್ಚಿಯ ಸಮೇತ ಕುಣಿದ. ಪುಣ್ಯಾತ್ಮ ಮಾತ್ರ, ಮೊದಲು ಬರೀ ಮೌನ ರೆಕಾರ್ಡ್ ಮಾಡಿ ಕಳಿಸಿ, ಪೆಟ್ಟಿಗೆ ತಾನೇ ಸದ್ದು ಸೇರಿಸುತ್ತದೋ ಏನೋ ಪರೀಕ್ಷೆ ಮಾಡಬೇಕು ಎಂದು ಬರೆದ.

ಬಾಗಿಲು ಹಾಕಿದೆವು, ಫ್ಯಾನ್ ಆರಿಸಿದೆವು, ಎಲ್ಲಕ್ಕಿಂತ ಕಷ್ಟದ್ದು, ದೊಡ್ಡವ್ವನ ಬಾಯಿ ಮುಚ್ಚಿಸಿದೆವು. ಅಪ್ಪಟ ಮೌನ ಹಿಡಿದು ಕಳಿಸಿದರೆ ಉತ್ತರ ಬಂತು: ಏನೋ ಗುಡುಗುಡು ಎನ್ನುತ್ತಿದೆ, ತಪ್ಪು ನನ್ನ ಪ್ರೋಗ್ರಾಮಿನದೇ ಇರಬೇಕು. ಅವನು ತಿದ್ದಿ ಕಳಿಸಿದ. ನಾವು ಮತ್ತೆ ಮೌನ ಕಳಿಸಿದೆವು. ಮತ್ತೆ ಗುಡುಗುಡು.

ಅಷ್ಟರಲ್ಲಿ ದೊಡ್ಡವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಅವಳ ಮಗಳು ಗಂಗಕ್ಕ ಕಂಪ್ಲಿಯಿಂದ ಬಂದಳು. ಒಳಗೆ ಕಾಲಿಡುತ್ತಲೇ, "ಈ ಲಾರಿ ಗದ್ಲದಾಗ ಹೆಂಗ ಇರ್ತೀರಲೇ?"

"ಯಾವ ಲಾರಿ?" ಎಂದ ಕೊಟ್ರೇಶಿ, ಪ್ರಾಮಾಣಿಕವಾಗಿ.

ಸಂಡೂರಿನ ಅದಿರು ಹೊತ್ತ ಲಾರಿಗಳು ಬಾಗಿಲ ಮುಂದೆಯೇ ಹೋಗಿ ಹೋಗಿ, ನಮ್ಮ ಕಿವಿ ಅವನ್ನು ಕೈಬಿಟ್ಟಿತ್ತು. ಪಾಪ, ಆ ಪುಣ್ಯಾತ್ಮ ತನ್ನ ಪ್ರೋಗ್ರಾಮಿನೊಳಗೆ ನಮ್ಮೂರ ಲಾರಿ ಹುಡುಕುತ್ತಿದ್ದ! ಹೊಟ್ಟೆ ಹಿಡಿದುಕೊಂಡು ನಕ್ಕು, ಸಂಗತಿ ಬರೆದೆವು. ಹಾಗಾದರೆ ಲಾರಿಗಿಂತ ಜೋರಾದದ್ದೇನಾದರೂ ಕಳಿಸಿ ಎಂದ.

ದೊಡ್ಡವ್ವ ಲವಂಗ ಉಗಿದು ಕುಳಿತಳು. ಹಾಡಿದಳು ನೋಡಿ, ಪರದೆಯ ಮೇಲಿನ ಗೆರೆ ಹಂಪಿಯ ಗುಡ್ಡದಂತೆ ಎದ್ದಿತು. ಮರುದಿನ, ಅವಳು ಡಾಕ್ಟರಲ್ಲಿಗೆ ಹೊರಟು ನಿಂತಾಗ, ಉತ್ತರ ಬಂತು: ಎಲ್ಲ ಸರಿಯಾಗಿದೆ, ಇನ್ನೊಂದು ಕಳಿಸಿ.

"ಯಾಕಂತ? ಇನ್ನೂ ಕೆಟ್ಟೈತೇನು?"

"ಇಲ್ಲ ದೊಡ್ಡವ್ವ, ಸುಮ್ನ ಕೇಳಾಕಂತ."

ಅವಳು ಮೆಟ್ಟು ಬಿಟ್ಟು ಒಳಗೆ ಬಂದಳು. "ಗಂಗೀ, ಡಾಕ್ಟರ್‌ಗೆ ಮುಂದಿನ ವಾರ ಬರ್ತೀವಿ ಅನ್ನು."

ಆ ವಾರವೆಲ್ಲ ಹಾಡಿದಳು.

ಇದನ್ನೆಲ್ಲ ಕೇಳಿದ ತಂಗಿಯ ಮಗಳು ಮೈಕನ್ನು ನನ್ನ ಕಡೆ ತಿರುಗಿಸಿ, "ನಿಮಗೂ ಒಂದೆರಡು ಬರಬೇಕಲ್ಲ ಮಾವ, ಹಾಡ್ರಿ" ಎಂದಳು. ನನ್ನ ಕಂಠದ ಮುಂದೆ ಅದಿರಿನ ಲಾರಿಯೇ ಮೇಲು. ಒಲ್ಲೆನೆನ್ನಬೇಕು ಎನ್ನುವಷ್ಟರಲ್ಲಿ ನಾಲಿಗೆ ಹೋಗಿ ಮುಂದಿನ ಹಲ್ಲಿಗೆ ತಾಕಿತು. ಅಲುಗಾಡುತ್ತಿದೆ.

ಕುರ್ಚಿ ಎಳೆದುಕೊಂಡು ಕುಳಿತೆ.